ಸಹಜ ಹೆರಿಗೆಯೂ ಒಂದು ಶಾಸ್ತ್ರ



ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದೆ, ಅಜ್ಜಿಯ ಜೊತೆಯಲ್ಲಿ ಓಡಾಡಿಕೊಂಡೇ ಹೆರಿಗೆ ಮಾಡಿಸುವುದನ್ನು ಕಲಿತವರು ಅವರು. ಕಾಸು ಕೇಳದೆ ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರ ಎಂದು ನಾಡು ಲೆಕ್ಕ ಹೇಳುತ್ತದೆ. ಅಂಥವರನ್ನು ಒಂದು ವಿಶ್ವವಿದ್ಯಾಲಯ ತನ್ನ ವೇದಿಕೆಗೆ ಕರೆದು ಗೌರವಿಸಿದ್ದು ದೊಡ್ಡ ಸಂಗತಿ. ನನಗೆ ಈಗಲೂ ಅದರ ಬಗ್ಗೆ ಹೆಮ್ಮೆಯಿದೆ.

ಆದರೆ ನರಸಮ್ಮನವರ ವಿದ್ಯೆಯನ್ನೇ ಕಲಿಯುತ್ತೇನೆ ಎಂದು ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಹೊರಟರೆ ಅವಳಿಗೆ ನಮ್ಮಲ್ಲಿ ನೇರವಾದ ಪದವಿ ಇಲ್ಲ. ನರ್ಸಿಂಗ್ ಪದವಿ ಇದೆ; ಅದರೊಳಗೆ ಹೆರಿಗೆ ಒಂದು ವಿಷಯ. ವೈದ್ಯ ಪದವಿ ಇದೆ. ಅದರಲ್ಲೂ ಹೆರಿಗೆ ಒಂದು ವಿಷಯ. ಬಸುರು, ಹೆರಿಗೆ, ಬಾಣಂತನ, ಹಸುಗೂಸಿನ ಮೊದಲ ವಾರಗಳು, ಇಷ್ಟನ್ನೇ ಮೂರು ನಾಲ್ಕು ವರ್ಷ ಓದಿ, ಅದರಲ್ಲೇ ಪರೀಕ್ಷೆ ಬರೆದು, ಅದೇ ಹೆಸರಿನಲ್ಲಿ ನೋಂದಣಿ ಪಡೆದು ಹೊರಬರುವ ದಾರಿ ಇಲ್ಲ. ಆ ದಾರಿ ಬೇಕು ಎಂಬುದೇ ಈ ದತ್ತಿ ಉಪನ್ಯಾಸದ ಮಾತು. ಯಾಕೆ ಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಬೇಡಿಕೆ ಕೇಳಿದ ಕೂಡಲೇ ಬರುವ ಮೊದಲ ಪ್ರಶ್ನೆ ನನಗೆ ಗೊತ್ತಿದೆ: ಈಗ ಎಲ್ಲರೂ ಆಸ್ಪತ್ರೆಯಲ್ಲೇ ಹೆರುತ್ತಾರಲ್ಲ, ಡಾಕ್ಟರಿದ್ದಾರಲ್ಲ, ಇನ್ನು ಸೂಲಗಿತ್ತಿ ಯಾಕೆ?

ಎಲ್ಲರೂ ಆಸ್ಪತ್ರೆಯಲ್ಲೇ ಹೆರುತ್ತಾರೆ ಎನ್ನುವುದು ನಿಜ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ, ಆಶಾ ಕಾರ್ಯಕರ್ತೆಯರು ಮನೆಮನೆ ಅಲೆದು ತಾಯಂದಿರನ್ನು ಆಸ್ಪತ್ರೆಗೆ ಕರೆತಂದ ಮೇಲೆ ಆದ ಬದಲಾವಣೆ ಇದು. ಇದರಿಂದ ಉಳಿದ ಜೀವಗಳನ್ನು ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ. ಮನೆಯ ಕತ್ತಲೆ ಮೂಲೆಗೆ ಹೆರಿಗೆಯನ್ನು ವಾಪಸ್ ಕಳಿಸಿ ಎಂದು ನಾನು ಹೇಳುತ್ತಿಲ್ಲ. ನರಸಮ್ಮನವರ ಕೈಯಲ್ಲಿ ಎಷ್ಟೇ ಗುಣವಿದ್ದರೂ, ರಕ್ತ ಸುರಿಯತೊಡಗಿದರೆ ಮನೆಯಲ್ಲಿ ಬಾಟಲಿ ರಕ್ತ ಇರುವುದಿಲ್ಲ. 2018ರಿಂದ 2020ರ ಅವಧಿಯಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಕೇರಳದಲ್ಲಿ ಅದೇ ಅವಧಿಯಲ್ಲಿ 19, ತಮಿಳುನಾಡಿನಲ್ಲಿ 54. ಆಸ್ಪತ್ರೆಗೆ ಬಂದದ್ದಷ್ಟೇ ಸಾಲದು, ಬಂದ ಮೇಲೆ ಯಾರ ಕೈಗೆ ಸಿಕ್ಕಿದರು ಎನ್ನುವುದೂ ಮುಖ್ಯ ಎಂದು ಈ ಅಂಕಿಗಳು ಹೇಳುತ್ತವೆ.

ಇನ್ನೊಂದು ಅಂಕಿ ಇದೆ. ನಾಲ್ಕನೇ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಹೆರಿಗೆಗಳು ನೂರಕ್ಕೆ 23.6 ಇದ್ದವು. ಐದನೆಯದರಲ್ಲಿ 31.5 ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಒಂದು ಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ನೂರಕ್ಕೆ 10 ದಾಟಿದ ಮೇಲೆ, ಹೆಚ್ಚು ಕುಯ್ದದ್ದರಿಂದ ತಾಯಿ-ಮಗುವಿನ ಸಾವು ಕಡಿಮೆಯಾಯಿತು ಎಂಬುದಕ್ಕೆ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಮ್ಮ 31.5ರಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ? ಯಾವ ವೈದ್ಯರನ್ನೂ ದೂರುವುದಕ್ಕೆ ನಾನು ಈ ಪ್ರಶ್ನೆ ಕೇಳುತ್ತಿಲ್ಲ. ಉತ್ತರ ಕಂಡುಕೊಳ್ಳಲು ನಮ್ಮ ಬಳಿ ಹೋಲಿಸಿ ನೋಡುವಂಥದ್ದು ಏನೂ ಇಲ್ಲ ಎಂಬುದು ನನ್ನ ಸಂಕಟ.

ಹೋಲಿಕೆ ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ವಿಯೆನ್ನಾಕ್ಕೆ ಹೋಗಬೇಕು. ನಮ್ಮ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಕೈ ತೊಳೆಯುವುದರ ಕಥೆಯಾಗಿ ಹೇಳಿಕೊಡುತ್ತಾರೆ. ಅದರಲ್ಲಿ ಸೂಲಗಿತ್ತಿಯರ ಪಾಲೂ ಇದೆ, ಅದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. 1840ರಿಂದ ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿ ವಿದ್ಯಾರ್ಥಿನಿಯರು. ಒಂದು ದಿನ ಬಂದವರು ಒಂದು ವಿಭಾಗಕ್ಕೆ, ಮರುದಿನ ಬಂದವರು ಇನ್ನೊಂದಕ್ಕೆ. ಒಂದೇ ಕಟ್ಟಡ, ಒಂದೇ ಊರಿನ ಬಡ ಹೆಂಗಸರು, ಒಂದೇ ಊಟ. ಆದರೂ ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ನೂರಕ್ಕೆ ಸುಮಾರು 10 ತಾಯಂದಿರು ಸಾಯುತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ 4ಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೇ ವಿಭಾಗಕ್ಕೆ ಹಾಕಬೇಡಿ ಎಂದು ಮೊಣಕಾಲೂರಿ ಬೇಡುತ್ತಿದ್ದರು. ಕೆಲವರು ಬೀದಿಯಲ್ಲೇ ಹೆತ್ತು ಆಮೇಲೆ ಒಳಗೆ ಬರುತ್ತಿದ್ದರು.

ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಯುವ ವೈದ್ಯ ಈ ವ್ಯತ್ಯಾಸವನ್ನು ಹಿಡಿದುಕೊಂಡು ಕೂತ. 1847ರ ಮಾರ್ಚ್‌ನಲ್ಲಿ ಅವನ ಗೆಳೆಯ ಕೊಲ್ಲೆಟ್ಶ್ಕಾ ಶವಪರೀಕ್ಷೆಯ ಚಾಕು ತಾಗಿ, ಬಾಣಂತಿ ಜ್ವರದಂಥದ್ದೇ ಜ್ವರದಿಂದ ಸತ್ತ. ಆಗ ಒಗಟು ಬಿಡಿಸಿಕೊಂಡಿತು. ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿ ವಿದ್ಯಾರ್ಥಿನಿಯರಿಗೆ ಹೆಣ ಕೊಯ್ಯುವ ಪಾಠ ಇರಲಿಲ್ಲ. ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಮರುವರ್ಷ ಮೊದಲನೇ ವಿಭಾಗದ ಸಾವು ನೂರಕ್ಕೆ 1.27ಕ್ಕೆ ಇಳಿಯಿತು.

ಸೂಲಗಿತ್ತಿಯರು ವೈದ್ಯರಿಗಿಂತ ಜಾಣರಾಗಿದ್ದರು ಎಂದು ಇದರಿಂದ ಹೇಳಲಾಗದು. ಅವರ ಕೈಗೆ ಹೆಣ ತಾಗಿರಲಿಲ್ಲ, ಅಷ್ಟೆ. ಆದರೆ ಅವರದೇ ಆದ ಒಂದು ವಿಭಾಗ, ಅವರದೇ ಆದ ತರಗತಿ, ಅವರದೇ ಆದ ದಾಖಲೆ ಪುಸ್ತಕ ಆ ಆಸ್ಪತ್ರೆಯಲ್ಲಿ ಇಲ್ಲದೆ ಹೋಗಿದ್ದರೆ? ನೂರಕ್ಕೆ ಹತ್ತು ತಾಯಂದಿರು ಸಾಯುವುದು ಹೆರಿಗೆಯ ಸ್ವಭಾವವೇ ಎಂದು ಎಲ್ಲರೂ ನಂಬಿಕೊಂಡಿರುತ್ತಿದ್ದರು. ಎರಡನೇ ವಿಭಾಗ ಇದ್ದುದರಿಂದಲೇ ಮೊದಲನೆಯದರ ತಪ್ಪು ಕಂಡಿತು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಎರಡನೇ ವಿಭಾಗ ಇಲ್ಲ. ಹಾಗಾಗಿ 31.5 ಎಂಬ ಅಂಕಿಯನ್ನು ನೋಡಿ, ಕಾಲ ಹಾಗಿದೆ, ಈಗಿನ ಹುಡುಗಿಯರಿಗೆ ಶಕ್ತಿ ಇಲ್ಲ ಎಂದು ಹೇಳಿ ಸುಮ್ಮನಾಗುತ್ತೇವೆ.

ಈಗ ಬ್ರಿಟನ್ನಿನ ವಿಷಯಕ್ಕೆ ಬರುತ್ತೇನೆ. ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ನರ್ಸಿಂಗ್ ಶಿಕ್ಷಣದ ಚೌಕಟ್ಟು ಅಲ್ಲಿಂದ ಬಂದದ್ದು. ಅಲ್ಲಿಯವರು ತಮ್ಮ ಚೌಕಟ್ಟನ್ನು ಆಮೇಲೆ ಬದಲಾಯಿಸಿಕೊಂಡರು, ನಾವು ಬದಲಾಯಿಸಿಕೊಳ್ಳಲಿಲ್ಲ. 1902ರಲ್ಲಿ ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಕಾಯ್ದೆ ಬಂತು. ಪ್ರಮಾಣಪತ್ರ ಇಲ್ಲದವರು ಹೆರಿಗೆಯನ್ನು ವೃತ್ತಿ ಮಾಡಿಕೊಳ್ಳುವಂತಿಲ್ಲ ಎಂದಾಯಿತು. ಬಹುಕಾಲ ಅಲ್ಲೂ ಹೆಚ್ಚಿನವರು ಮೊದಲು ನರ್ಸ್ ಆಗಿ ಆಮೇಲೆ ಹೆರಿಗೆಯ ತರಬೇತಿ ಪಡೆಯುತ್ತಿದ್ದರು. ಈಗ ಹಾಗಿಲ್ಲ. ಶಾಲೆ ಮುಗಿಸಿದವರು ನೇರವಾಗಿ ವಿಶ್ವವಿದ್ಯಾಲಯದಲ್ಲಿ ಸೂಲಗಿತ್ತಿ ವಿದ್ಯೆಯ, ಅಂದರೆ ಮಿಡ್‌ವೈಫರಿ ಪದವಿಗೆ ಸೇರುತ್ತಾರೆ. ಮೂರು ವರ್ಷ, ಕನಿಷ್ಠ 4,600 ಗಂಟೆ; ಅದರಲ್ಲಿ ಅರ್ಧ ತರಗತಿ, ಅರ್ಧ ಆಸ್ಪತ್ರೆ ಮತ್ತು ಮನೆ ಭೇಟಿ. ಪದವಿ ಮುಗಿಯುವುದರೊಳಗೆ 100 ಗರ್ಭಿಣಿ ತಪಾಸಣೆ, 100 ಬಾಣಂತಿಯರ ಮತ್ತು ಕೂಸುಗಳ ಆರೈಕೆ ಆಗಿರಬೇಕು, 40 ಹೆರಿಗೆಗಳನ್ನು ತಾನೇ ಮಾಡಿಸಿರಬೇಕು. ಅಪಾಯದಲ್ಲಿರುವ 40 ತಾಯಂದಿರ ಆರೈಕೆಯಲ್ಲೂ ಪಾಲ್ಗೊಂಡಿರಬೇಕು.

ನನ್ನ ಕಣ್ಣಿಗೆ ಈ ಅಂಕಿಗಳಿಗಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ನಿಯಮ. ಅಲ್ಲಿ ವಿದ್ಯಾರ್ಥಿನಿಯನ್ನು ವಾರ್ಡಿನ ಸಿಬ್ಬಂದಿ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವಳು ಬಂದದ್ದು ಕಲಿಯುವುದಕ್ಕೆ. ಅವಳು ಒಂದು ದಿನ ಬಾರದಿದ್ದರೂ ವಾರ್ಡು ನಡೆಯಬೇಕು. ನಮ್ಮಲ್ಲಿ ಏನಾಗುತ್ತದೆ ಎನ್ನುವುದು ಈ ಸಭೆಯಲ್ಲಿ ಕೂತಿರುವ, ನರ್ಸಿಂಗ್ ಓದುತ್ತಿರುವ ಮಕ್ಕಳಿಗೇ ಗೊತ್ತು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಆಸ್ಪತ್ರೆಗೆ ವಿದ್ಯಾರ್ಥಿನಿಯರನ್ನು ಕಳಿಸಿದರೆ, ಅವರ ಹೆಚ್ಚಿನ ಹೊತ್ತು ಲಿನನ್ ಎಣಿಸುವುದರಲ್ಲಿ, ಟ್ರಾಲಿ ತಳ್ಳುವುದರಲ್ಲಿ, ರಿಜಿಸ್ಟರ್ ತುಂಬುವುದರಲ್ಲಿ ಕಳೆದುಹೋಗುತ್ತಿತ್ತು. ಹೆರಿಗೆಯಾಗುವ ಹೊತ್ತಿಗೆ ಟೇಬಲ್ಲಿನ ಸುತ್ತ ವೈದ್ಯ ವಿದ್ಯಾರ್ಥಿಗಳು, ಹೌಸ್ ಸರ್ಜನ್ನರು ನಿಂತಿರುತ್ತಿದ್ದರು. ನಮ್ಮ ಹುಡುಗಿಯರು ಅವರ ಹೆಗಲ ಮೇಲಿಂದ ಇಣುಕಿ ನೋಡಿ, ಕೇಸ್ ಬುಕ್ಕಿನಲ್ಲಿ ತಾವೇ ಮಾಡಿಸಿದಂತೆ ಬರೆಯುತ್ತಿದ್ದರು. 2021ಕ್ಕಿಂತ ಹಿಂದಿನ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ 20 ಸಹಜ ಹೆರಿಗೆ ಮಾಡಿಸಬೇಕೆಂಬ ನಿಯಮವಿತ್ತು. ಪುಸ್ತಕದಲ್ಲಿ ಇಪ್ಪತ್ತೂ ತುಂಬಿರುತ್ತಿದ್ದವು. ಕೈಗೆ ಎಷ್ಟು ಬಂದಿತ್ತು ಎನ್ನುವುದು ಆ ಹುಡುಗಿ ಕೆಲಸಕ್ಕೆ ಸೇರಿ, ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತಾಗ ಗೊತ್ತಾಗುತ್ತಿತ್ತು.

ಹಾಗಾದರೆ ಅಷ್ಟು ವರ್ಷ ಓದುವುದಕ್ಕೆ ಹೆರಿಗೆಯಲ್ಲಿ ಏನಿದೆ? ಈ ಪ್ರಶ್ನೆಯನ್ನು ನನಗೆ ಒಬ್ಬ ಹಿರಿಯ ಅಧಿಕಾರಿ ಗೌರವದಿಂದಲೇ ಕೇಳಿದ್ದರು. ಹೆಣ್ಣು ಹೆರುವುದು ಸಹಜ ಕ್ರಿಯೆ. ತೊಡಕಾದರೆ ತಜ್ಞರು ಬೇಕು. ಸಹಜವಾಗಿದ್ದರೆ ಯಾರಾದರೂ ಸಾಕು, ಇದು ಅವರ ತರ್ಕ. ನಮ್ಮ ಇಡೀ ವ್ಯವಸ್ಥೆ ನಿಂತಿರುವುದು ಇದೇ ತರ್ಕದ ಮೇಲೆ. ಇದರಲ್ಲಿ ಒಂದು ದೊಡ್ಡ ತಪ್ಪಿದೆ. ಸಹಜವಾದದ್ದನ್ನು ಸಹಜವಾಗಿಯೇ ಉಳಿಸುವುದಕ್ಕೆ, ಯಾವ ಗಳಿಗೆಯಲ್ಲಿ ಅದು ಸಹಜದ ಗೆರೆ ದಾಟುತ್ತಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದಕ್ಕೆ ಬೇಕಾದ ತಿಳಿವಳಿಕೆ ತುಂಬ ಸೂಕ್ಷ್ಮವಾದದ್ದು.

ಹೆರಿಗೆ ನೋವನ್ನೇ ಉದಾಹರಣೆಗೆ ನೋಡಿ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರಬೇಕು. ಹತ್ತು ನಿಮಿಷದಲ್ಲಿ ಎಷ್ಟು ನೋವು ಬಂದವು, ಒಂದೊಂದೂ ಎಷ್ಟು ಸೆಕೆಂಡು ನಿಂತಿತು, ನಡುವೆ ಗರ್ಭಕೋಶ ಪೂರ್ತಿ ಸಡಿಲವಾಯಿತೇ, ಇದನ್ನು ಕೈಯೇ ಹೇಳಬೇಕು. ಸಡಿಲವಾಗದಿದ್ದರೆ ಮಗುವಿಗೆ ಉಸಿರಿಲ್ಲ. ಮಗುವಿನ ತಲೆ ಕಿಬ್ಬೊಟ್ಟೆಯ ಮೂಳೆಯಿಂದ ಮೇಲೆ ಎಷ್ಟು ಬೆರಳು ಉಳಿದಿದೆ ಎಂದು ಬೆರಳಿನಿಂದಲೇ ಅಳೆಯಬೇಕು. ಮಗುವಿನ ಎದೆಬಡಿತವನ್ನು ನೋವು ಮುಗಿದ ಕೂಡಲೇ ಕೇಳಬೇಕು. ನಿಮಿಷಕ್ಕೆ 110ರಿಂದ 160ರ ಒಳಗೆ ಇದೆಯೇ, ನೋವಿನ ಬೆನ್ನಿಗೇ ಇಳಿದು ಏಳಲು ತಡ ಮಾಡುತ್ತಿದೆಯೇ ಎಂದು ಗಮನಿಸಬೇಕು. ಆಫ್ರಿಕಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು 1972ರಲ್ಲಿ ರೂಪಿಸಿದ, ಹೆರಿಗೆಯ ಮುನ್ನಡೆ ಗುರುತಿಸುವ ಪಾರ್ಟೋಗ್ರಾಫ್ ನಕ್ಷೆ ನಮ್ಮ ಮಕ್ಕಳಿಗೆ ಗೊತ್ತು. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು, ಇಲ್ಲದಿದ್ದರೆ ಏನಾದರೂ ಮಾಡಬೇಕು ಎಂದು ಅದರ ಆಧಾರದಲ್ಲಿ ತಲೆಮಾರುಗಳು ಕಲಿತವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಿದ್ದಿತು. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆ ರಭಸಕ್ಕೆ ಬಂದಂತೆ. ಗಂಟೆಗೊಂದು ಸೆಂಟಿಮೀಟರ್ ಎಂಬ ಅಳತೆ ಎಲ್ಲ ಹೆಣ್ಣಿಗೂ ಹೊಂದುವುದಿಲ್ಲ. ತಾಯಿ-ಮಗು ಚೆನ್ನಾಗಿದ್ದರೆ ನಿಧಾನ ಎಂಬ ಒಂದೇ ಕಾರಣಕ್ಕೆ ಕೈ ಹಾಕಬೇಡಿ ಎಂದಿತು. ಚೊಚ್ಚಲ ಹೆರಿಗೆಗೆ ಬಂದು, ನಾಲ್ಕು ಸೆಂಟಿಮೀಟರಿನಲ್ಲಿ ಎರಡು ಮೂರು ಗಂಟೆ ನಿಂತಿದ್ದಕ್ಕೇ ಆಪರೇಷನ್ ಕೋಣೆಗೆ ಹೋದ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಕಾಯಬಲ್ಲವರು ಪಕ್ಕದಲ್ಲಿ ಇದ್ದಿದ್ದರೆ ಅವರಲ್ಲಿ ಕೆಲವರಾದರೂ ತಾವೇ ಹೆರುತ್ತಿದ್ದರು.

ಕಾಯುವುದು ಸುಮ್ಮನೆ ಕೂರುವುದಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು, ಮಂಡ್ಯ ಕಡೆಯ ಹುಡುಗಿ, ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿದ್ದಳು. ನೋವು ತಿನ್ನುತ್ತಿದ್ದವಳ ತಾಯಿ ಬಾಗಿಲಲ್ಲಿ ನಿಂತು, “ಇನ್ನಾ ಎಷ್ಟೊತ್ತರೀ, ನರ್ಸಬಾಯಿ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಹುಡುಗಿಗೆ ಉತ್ತರ ಗೊತ್ತಿಲ್ಲ. ನನ್ನ ಮುಖ ನೋಡಿದಳು. “ಒಳಗೆ ಕರಕೊಂಡು ಬಾ, ಮಗಳ ಸೊಂಟ ನೀವಲಿ” ಎಂದೆ. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರಕಾರ 2016ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಹೇಳಿತ್ತು, ಆದರೆ ಆ ಮಾತು ಬಾಗಿಲ ಆಚೆಯೇ ಉಳಿದಿತ್ತು. ತಾಯಿ ಬಂದು ಸೊಂಟ ನೀವಿದಳು, ಮಗಳನ್ನು ಎಬ್ಬಿಸಿ ಕೋಣೆಯಲ್ಲಿ ಓಡಾಡಿಸಿದಳು, ಸಕ್ಕರೆ ನೀರು ಕುಡಿಸಿದಳು. ನಮ್ಮ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡಿ ಬರೆದುಕೊಳ್ಳುತ್ತ ಹೋದಳು. ಮಗು ಹುಟ್ಟಿತು, ಯಾವ ಕತ್ತರಿಯೂ ತಾಗಲಿಲ್ಲ. ಆ ಕೋಣೆಯಲ್ಲಿ ಅವತ್ತು ಅಜ್ಜಿಯ ವಿದ್ಯೆಯೂ ಇತ್ತು, ಪುಸ್ತಕದ ವಿದ್ಯೆಯೂ ಇತ್ತು. ಎರಡೂ ಒಂದೇ ಕೈಯಲ್ಲಿ ಸೇರಬೇಕಾದರೆ ಅದಕ್ಕೆ ವರ್ಷಗಳ ಓದು ಬೇಕು.

ಅಪಾಯದ ಹೊತ್ತಿನ ಓದಂತೂ ಇದ್ದೇ ಇದೆ. ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡರೆ ನಿಮಿಷಗಳ ಲೆಕ್ಕ. ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್. ಕೂಸು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಉಸಿರು. ಇವನ್ನು ಬೊಂಬೆಯ ಮೇಲೆ ನೂರು ಸಲ ಮಾಡಿ ಕೈ ಪಳಗಿಸಬೇಕು. ಬೊಂಬೆಯಲ್ಲಿ ಕಲಿಸುವುದು ಹೊಸ ಕಾಲದ ಉಪಾಯ ಎಂದು ತಿಳಿಯಬೇಡಿ. ಫ್ರಾನ್ಸಿನ ಸೂಲಗಿತ್ತಿ ಮದಾಂ ದ್ಯು ಕೂದ್ರೆ ಎಂಬಾಕೆ 1759ರಲ್ಲಿ ದೊರೆಯ ಅಪ್ಪಣೆ ಪಡೆದು, ಬಟ್ಟೆಯಲ್ಲಿ ಹೊಲಿದ ತಾಯಿ-ಮಗುವಿನ ಬೊಂಬೆ ಹೊತ್ತು ಊರೂರು ತಿರುಗಿ, ಸಾವಿರಾರು ಹಳ್ಳಿ ಹೆಂಗಸರಿಗೆ ಹೆರಿಗೆ ಕಲಿಸಿದಳು. ಆ ಬೊಂಬೆಗಳಲ್ಲಿ ಒಂದು ಈಗಲೂ ರುವಾಂ ನಗರದ ವಸ್ತು ಸಂಗ್ರಹಾಲಯದಲ್ಲಿ ಇದೆ.

ರಕ್ತಸ್ರಾವದ ವಿಷಯವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ನಾಡಿನ ದೊಡ್ಡ ಪಾಲಿದೆ. ಮಗು ಹುಟ್ಟಿ, ಕಸ ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ರಕ್ತ ಹರಿಯುತ್ತದೆ. ಅರ್ಧ ಲೀಟರ್ ದಾಟಿದರೆ ಅಪಾಯ. ಎಷ್ಟು ಹೋಯಿತು ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತೇವೆ. ಆಕ್ಸಿಟೋಸಿನ್ ಚುಚ್ಚುಮದ್ದು ಇದೆ, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಗೊತ್ತಿರಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಒಂದು ಪ್ರಯೋಗ ನಡೆಸಿದರು. ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಬರಿಯ ಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ತಾಯಿಯ ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲ ಹಾಸಿ ರಕ್ತ ಅಳೆದವರು 25 ಮಂದಿ ಸಹಾಯಕ ನರ್ಸ್ ಮಿಡ್‌ವೈಫ್‌ಗಳು, ಅಂದರೆ ಎಎನ್‌ಎಂ ಸಿಸ್ಟರುಗಳು. ಹೆರಿಗೆಯ ನಂತರದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ತೀವ್ರ ಸ್ರಾವ 1.2ರಿಂದ 0.2ಕ್ಕೆ. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಆ ಮಾತ್ರೆ, ರಕ್ತಸ್ರಾವ ತಡೆಯುವ ಔಷಧಿಯಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ಅಳತೆ ಚೀಲದ ಮಹತ್ವವನ್ನು 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ ಮತ್ತೆ ತೋರಿಸಿತು: ರಕ್ತವನ್ನು ಅಳೆದು, ಹೆಚ್ಚಾದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟರೆ ತೀವ್ರ ತೊಂದರೆಗಳು ನೂರಕ್ಕೆ 60ರಷ್ಟು ಕಡಿಮೆಯಾದವು.

ಬೆಳಗಾವಿಯ ಹಳ್ಳಿಗಳ ಆ 25 ಜನ ಹೆಂಗಸರು ಜಗತ್ತಿಗೆ ಉಪಯೋಗವಾದ ಜ್ಞಾನವನ್ನು ಹುಟ್ಟಿಸುವುದರಲ್ಲಿ ಕೈಜೋಡಿಸಿದರು. ಆದರೆ ಪ್ರಶ್ನೆ ಕೇಳಿದವರು ಅವರಲ್ಲ, ಉತ್ತರ ಬರೆದವರೂ ಅವರಲ್ಲ. ಅವರಿಗೆ ಆ ಓದನ್ನು ನಾವು ಕೊಟ್ಟಿರಲಿಲ್ಲ. ಹೆರಿಗೆ ಕೋಣೆಯಲ್ಲಿ ನಿಂತವಳೇ ಪ್ರಶ್ನೆಯನ್ನೂ ಕೇಳಬೇಕು, ಸಂಶೋಧನೆಯನ್ನೂ ನಡೆಸಬೇಕು ಎಂಬ ಆಸೆಯಿಂದಲೇ ನಾನು ವಿಶ್ವವಿದ್ಯಾಲಯದ ಮಾತು ಎತ್ತುತ್ತಿದ್ದೇನೆ. ತರಬೇತಿ ಕೇಂದ್ರ ಎಷ್ಟು ಚೆನ್ನಾಗಿದ್ದರೂ ಕೆಲಸವನ್ನಷ್ಟೇ ಕಲಿಸುತ್ತದೆ.

ಎಎನ್‌ಎಂ ಎಂಬುದರ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1885ರಲ್ಲಿ ಲೇಡಿ ಡಫರಿನ್ ನಿಧಿ, 1903ರಲ್ಲಿ ಲೇಡಿ ಕರ್ಜನ್ ಆರಂಭಿಸಿದ ವಿಕ್ಟೋರಿಯಾ ವಿದ್ಯಾರ್ಥಿವೇತನ ನಿಧಿ, ಇವು ಸೂಲಗಿತ್ತಿಯರಿಗೂ ತರಬೇತಿ ಕೊಡಲು ಹೊರಟವು. ಹೊಕ್ಕುಳಬಳ್ಳಿ ಕೊಯ್ಯುವುದು, ಮಾಸು ಹೂಳುವುದು ಮೈಲಿಗೆಯ ಕೆಲಸವೆಂದು ಕೆಳಜಾತಿಯ ಹೆಂಗಸರಿಗೆ ಬಿಟ್ಟಿದ್ದ ಸಮಾಜ ಇದು. ಅವರ ತಿಳಿವಳಿಕೆಯನ್ನು ಯಾರೂ ತಿಳಿವಳಿಕೆ ಎಂದು ಎಣಿಸಲಿಲ್ಲ. ಆ ಕೀಳುಭಾವನೆ ನರ್ಸ್ ಕೆಲಸಕ್ಕೂ ಅಂಟಿಕೊಂಡು ಬಂತು. ಸ್ವಾತಂತ್ರ್ಯದ ನಂತರ 1950ರ ದಶಕದಲ್ಲಿ ಎಎನ್‌ಎಂ ತರಬೇತಿ ಶುರುವಾದಾಗ ಹಳ್ಳಿಯಲ್ಲಿ ಇದ್ದು ಹೆರಿಗೆ ಮಾಡಿಸುವುದೇ ಅವರ ಮುಖ್ಯ ಕೆಲಸ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಅವರನ್ನು ಬಹೂದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಿ ಎಂದಿತು. ಆಮೇಲೆ ಕುಟುಂಬ ಯೋಜನೆ, ಲಸಿಕೆ, ಸಮೀಕ್ಷೆ, ರಿಜಿಸ್ಟರು. ಹೆಸರಿನಲ್ಲಿ ಮಿಡ್‌ವೈಫ್ ಉಳಿಯಿತು, ಕೈಯಿಂದ ಹೆರಿಗೆ ಜಾರಿತು. ಪದವಿ ಓದಿದ ನರ್ಸ್‌ಗೂ ನೋಂದಣಿಯಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ಎರಡೂ ಹೆಸರು ಬರುತ್ತವೆ. ಆದರೆ ಇವತ್ತು ಹೆರಿಗೆ ಕೋಣೆಯಲ್ಲಿರುವವಳನ್ನು ನಾಳೆ ಐಸಿಯುಗೆ, ನಾಡಿದ್ದು ಕಣ್ಣಿನ ವಾರ್ಡಿಗೆ ಹಾಕುತ್ತಾರೆ. ಹೊರದೇಶಕ್ಕೆ ಹೋದ ನಮ್ಮ ಹುಡುಗಿಯರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ನರ್ಸ್ ನೋಂದಣಿ ಬೇರೆ, ಮಿಡ್‌ವೈಫ್ ನೋಂದಣಿ ಬೇರೆ, ಪರೀಕ್ಷೆಯೂ ಬೇರೆ ಬೇರೆ.

ಒಳ್ಳೆಯ ಸುದ್ದಿಯೂ ಇದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ನರ್ಸ್‌ಗಳಿಗೆ ಹದಿನೆಂಟು ತಿಂಗಳ ಹೆಚ್ಚುವರಿ ಶಿಕ್ಷಣ, ಅದನ್ನು ಮುಗಿಸಿದವರೇ ನಡೆಸುವ ಹೆರಿಗೆ ಘಟಕಗಳು ಎಂಬುದು ಅದರ ಯೋಜನೆ. ನರ್ಸ್ ಆದ ಮೇಲೆ ಮಿಡ್‌ವೈಫ್ ಆಗಲು ಕನಿಷ್ಠ ಹದಿನೆಂಟು ತಿಂಗಳು, ನೇರವಾಗಿ ಆಗಲು ಕನಿಷ್ಠ ಮೂರು ವರ್ಷ ಎಂದು ಅಂತರರಾಷ್ಟ್ರೀಯ ಮಿಡ್‌ವೈಫ್ ಒಕ್ಕೂಟ ಹೇಳುವ ಎರಡು ದಾರಿಗಳಲ್ಲಿ ನಾವು ಮೊದಲನೆಯದನ್ನು ಹಿಡಿದೆವು. 2023ರಲ್ಲಿ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಕಾಯ್ದೆಯ ಹೆಸರಿನಲ್ಲೇ ಮಿಡ್‌ವೈಫರಿ ತನ್ನ ಕಾಲ ಮೇಲೆ ನಿಂತಿದೆ. ಎರಡನೇ ದಾರಿ, ಅಂದರೆ ನೇರ ಪದವಿ, ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬರಲಾರದು.

ಇದರಿಂದ ಆಗುವ ಲಾಭಕ್ಕೆ ಪುರಾವೆ ಏನು ಎಂದು ವೈದ್ಯ ಮಿತ್ರರು ಕೇಳುತ್ತಾರೆ, ಕೇಳಬೇಕು. 2016ರ ಕಾಕ್ರೇನ್ ವಿಮರ್ಶೆಯಲ್ಲಿ 15 ಪ್ರಯೋಗಗಳು, 17,674 ತಾಯಂದಿರು. ಬಸುರಿನಿಂದ ಬಾಣಂತನದವರೆಗೆ ಪರಿಚಿತ ಮಿಡ್‌ವೈಫ್ ನೋಡಿಕೊಂಡವರಲ್ಲಿ ಉಪಕರಣ ಹಾಕಿದ ಹೆರಿಗೆಗಳು, ಯೋನಿದ್ವಾರ ಕೊಯ್ದ ಹೆರಿಗೆಗಳು ಕಡಿಮೆ. ತಾಯಿಯ ತೃಪ್ತಿ ಹೆಚ್ಚು. ಆದರೆ ಆ ಪ್ರಯೋಗಗಳೆಲ್ಲ ನಡೆದದ್ದು ಶ್ರೀಮಂತ ದೇಶಗಳಲ್ಲಿ. ನಮ್ಮಲ್ಲಿ ಮಿಡ್‌ವೈಫ್‌ಗಳ ವಿಭಾಗವೇ ಇಲ್ಲದಿದ್ದರೆ ನಮ್ಮ ಪುರಾವೆ ಎಲ್ಲಿಂದ ಬರಬೇಕು?

ಆದ್ದರಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಒಂದು ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು, ಇಪ್ಪತ್ತೈದು ಮೂವತ್ತು ಸೀಟಿನ ಒಂದು ನೇರ ಪದವಿ ಆರಂಭವಾಗಲಿ. ಹದಿನೆಂಟು ತಿಂಗಳ ಶಿಕ್ಷಣ ಪಡೆದು ಬಂದ ನರ್ಸ್‌ಗಳೇ ಅಲ್ಲಿ ಗುರುಗಳಾಗಲಿ, ಅವರನ್ನು ಬೇರೆ ವಾರ್ಡಿಗೆ ವರ್ಗ ಮಾಡಬೇಡಿ. ಆಸ್ಪತ್ರೆಯ ಹೆರಿಗೆ ಕೋಣೆಯ ಪಕ್ಕದಲ್ಲೇ ಅವರು ನಡೆಸುವ ಘಟಕ ಇರಲಿ. ತೊಡಕು ಕಂಡರೆ ಕೂಗಳತೆಯಲ್ಲಿ ತಜ್ಞರು ಸಿಗುವಂತಿರಲಿ. ವಿದ್ಯಾರ್ಥಿನಿಯರನ್ನು ಸಿಬ್ಬಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಲಿ. ತಾಯಂದಿರ ಜೊತೆ ಆಡುವ ಮಾತಿನ ಪಾಠ ಕನ್ನಡದಲ್ಲಿ ಇರಲಿ, ಬೀದರಿನ ಕನ್ನಡದಲ್ಲೂ ಮಂಗಳೂರಿನ ಕನ್ನಡದಲ್ಲೂ. ನೋವಿನಲ್ಲಿರುವ ಹೆಣ್ಣಿಗೆ ಇಂಗ್ಲಿಷಿನಲ್ಲಿ ಕಲಿತ ಸಾಂತ್ವನ ಬಾಯಿಗೆ ಬರುವುದಿಲ್ಲ. ನೇರ ಪದವಿಯವರಿಗೆ ಕೆಲಸ ಎಲ್ಲಿ ಎಂಬ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹುದ್ದೆಯನ್ನು ಮೊದಲು ಸೃಷ್ಟಿಸಿ ಆಮೇಲೆ ಸೀಟು ತೆರೆಯಬೇಕು. ಇಲ್ಲದಿದ್ದರೆ ಬಡವರ ಮನೆಯ ಹೆಣ್ಣುಮಕ್ಕಳಿಗೆ ನಾವೇ ಮೋಸ ಮಾಡಿದಂತಾಗುತ್ತದೆ.

ಅಲ್ಲಿಯವರೆಗೆ ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ದಾರಿ ಇರುವುದು ನರ್ಸಿಂಗ್ ಪದವಿಯ ಮೂಲಕವೇ. ಎಂಟು ಸೆಮಿಸ್ಟರುಗಳಲ್ಲಿ ಆರು ಮತ್ತು ಏಳನೆಯದರಲ್ಲಿ ನಿಮಗೆ ಮಿಡ್‌ವೈಫರಿ ಬರುತ್ತದೆ. ಆ ತಿಂಗಳುಗಳಲ್ಲಿ ನೋಡಿದ ಹೆರಿಗೆಯನ್ನು ನೋಡಿದೆ ಎಂದೇ ಬರೆಯಿರಿ, ಮಾಡಿಸಿದ್ದನ್ನು ಮಾತ್ರ ಮಾಡಿಸಿದೆ ಎಂದು ಬರೆಯಿರಿ. ಅಧ್ಯಾಪಕರಿಗೆ, ಹೆರಿಗೆ ಕೋಣೆಯ ಸಿಸ್ಟರುಗಳಿಗೆ ಒಂದು ಕೆಲಸ ಹೇಳುತ್ತೇನೆ. ಅದಕ್ಕೆ ಸರಕಾರದ ಆದೇಶ ಬೇಡ, ಅನುದಾನ ಬೇಡ. ವೈದ್ಯ ಮೈಕೆಲ್ ರಾಬ್ಸನ್ 2001ರಲ್ಲಿ ಹೆರಿಗೆಗೆ ಬರುವ ಎಲ್ಲ ತಾಯಂದಿರನ್ನೂ ಹತ್ತು ಗುಂಪು ಮಾಡುವ ಕ್ರಮ ತಿಳಿಸಿದ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿದೆ. ಒಂದನೇ ಗುಂಪು ಎಂದರೆ ಚೊಚ್ಚಲು, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ನಿಮ್ಮ ಆಸ್ಪತ್ರೆಯಲ್ಲಿ ಈ ಗುಂಪಿನವರು ತಿಂಗಳಿಗೆ ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರನ್ನು ಕುಯ್ದರು, ಪಕ್ಕದಲ್ಲಿ ಜೊತೆಗಾತಿ ಇದ್ದಳೇ, ಹೆರಿಗೆ ಕೋಣೆಗೆ ಬಂದಾಗ ಎಷ್ಟು ಸೆಂಟಿಮೀಟರ್ ತೆರೆದಿತ್ತು, ರಕ್ತವನ್ನು ಅಳೆದರೇ, ಯಾರು ಹೆರಿಗೆ ಮಾಡಿಸಿದರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ದತ್ತಿಯ ಸಭೆಗೆ ಆ ಪುಸ್ತಕಗಳನ್ನು ತನ್ನಿ. ಕೂತು ಒಟ್ಟಿಗೆ ಲೆಕ್ಕ ನೋಡೋಣ.